ನಿನ್ನೆ ಇಸಿಜಿ ನಾರ್ಮಲ್, ಇವತ್ತು ಸಾವು: ಹತ್ತು ಸೆಕೆಂಡಿನ ಕಾಗದವನ್ನು ಓದುವುದು ಹೇಗೆ

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ ಜಿಲ್ಲೆಯಿಂದ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವುಗಳು ವರದಿಯಾದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ಬೆಳೆಯಿತು. ನಿಂತವರಲ್ಲಿ ಎಷ್ಟೋ ಜನರಿಗೆ ಎದೆನೋವೂ ಇರಲಿಲ್ಲ, ಸುಸ್ತೂ ಇರಲಿಲ್ಲ. ಯಾವುದಕ್ಕೂ ಒಂದು ಇಸಿಜಿ ಮಾಡಿಸಿಬಿಡೋಣ ಅಂತ ಬಂದವರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು: ಹೃದಯಾಘಾತಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಂಡಿಲ್ಲ. ಸಾಲು ಕರಗಿತು, ಪ್ರಶ್ನೆ ಕರಗಲಿಲ್ಲ. ಹೋದ ತಿಂಗಳು ಇಸಿಜಿ ನಾರ್ಮಲ್ ಬಂದವರು ಈ ತಿಂಗಳು ಕುಸಿದು ಬೀಳುತ್ತಾರೆ ಎಂದಾದರೆ ಆ ಪರೀಕ್ಷೆ ಯಾಕೆ? ಇತ್ತ ಕೈಗಡಿಯಾರವೊಂದು ನಿಮ್ಮ ಹೃದಯದ ಲಯ ಸರಿಯಿಲ್ಲ ಎಂದು ಸಂದೇಶ ಕಳಿಸಿದರೆ, ಡಾಕ್ಟರು ಇಸಿಜಿ ನೋಡಿ ಏನೂ ಇಲ್ಲ ಅನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ?

ಹೆಚ್ಚಿನ ಸಲ ಇಬ್ಬರೂ ಸರಿ. ಇಸಿಜಿ ಹತ್ತು ಸೆಕೆಂಡಿನ ದಾಖಲೆ. ಆ ಹತ್ತು ಸೆಕೆಂಡಿನಲ್ಲಿ ಏನಾಯಿತು ಎನ್ನುವುದನ್ನು ಅದರಷ್ಟು ಚೆನ್ನಾಗಿ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಹನ್ನೊಂದನೇ ಸೆಕೆಂಡಿನ ಬಗ್ಗೆ ಅದು ಮಾತಾಡುವುದು ಕಡಿಮೆ.

ಮೋಟರ್ ಸುಡುವುದು ಬೇರೆ, ಸ್ಟಾರ್ಟರ್ ಕೆಡುವುದು ಬೇರೆ

ಗೊಂದಲದ ಅರ್ಧ ಪಾಲು ಸುದ್ದಿಮನೆಗಳದ್ದು. ಯಾರು ಹಠಾತ್ತನೆ ತೀರಿಕೊಂಡರೂ ತಲೆಬರಹ ಒಂದೇ: ಹೃದಯಾಘಾತ. ಬೋರ್‌ವೆಲ್ ಇಟ್ಟುಕೊಂಡ ರೈತರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ತಂಪು ಮಾಡುವ ನೀರು ಸಿಗದೆ ಮೋಟರ್ ಸುಟ್ಟುಹೋಗುವುದು ಒಂದು ಬಗೆ. ಮೋಟರ್ ಸರಿಯಿದ್ದೂ ಸ್ಟಾರ್ಟರ್ ಬಾಕ್ಸಿನಲ್ಲಿ ಕರೆಂಟು ದಾರಿ ತಪ್ಪುವುದು ಇನ್ನೊಂದು. ಹೃದಯದ ಮಾಂಸಕ್ಕೆ ರಕ್ತ ಒಯ್ಯುವ ಕೊಳವೆ ಕಟ್ಟಿಕೊಂಡು ಮಾಂಸ ಸಾಯುವುದು ಹೃದಯಾಘಾತ. ವಿದ್ಯುತ್ತು ಹದ ತಪ್ಪಿ ಬಡಿತವೇ ನಿಂತುಹೋಗುವುದು ಹೃದಯ ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಮೂವತ್ತೈದು ದಾಟಿದವರ ಹಠಾತ್ ಸಾವಿನಲ್ಲಿ ಹೆಚ್ಚಾಗಿ ಆಗುವುದೂ ಅದೇ. ಆದರೆ ಕೊಳವೆಗಳೆಲ್ಲ ಸ್ವಚ್ಛವಾಗಿರುವ ಇಪ್ಪತ್ತರ ಹುಡುಗನಲ್ಲೂ ಎರಡನೆಯದು ನೇರವಾಗಿ ಬರಬಹುದು.

ಕೊಳವೆ ನೂರಕ್ಕೆ ಎಪ್ಪತ್ತು ಪಾಲು ಕಿರಿದಾಗಿದ್ದರೂ, ಆರಾಮವಾಗಿ ಮಲಗಿ ತೆಗೆಸಿದ ಇಸಿಜಿ ಪೂರ್ತಿ ಸಹಜವಾಗಿರಬಹುದು. ಮಲಗಿದ ಹೃದಯಕ್ಕೆ ಆ ಸಣ್ಣ ದಾರಿಯೇ ಸಾಕು. ಅಲ್ಲಿನ ಕೊಬ್ಬಿನ ಗಂಟು ಮಾರನೇ ದಿನ ಒಡೆದು ರಕ್ತ ಹೆಪ್ಪುಗಟ್ಟಿದರೆ ಹಿಂದಿನ ದಿನದ ಕಾಗದ ಅದನ್ನು ಹೇಗೆ ಹೇಳೀತು? ಎದೆನೋವು ಇರುವಾಗ ತೆಗೆದ ಇಸಿಜಿಯ ಮಾತು ಬೇರೆ. ನೋವು ಹೇಳಿಕೊಂಡು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಜಗತ್ತಿನೆಲ್ಲೆಡೆ ಒಪ್ಪಿದ ನಿಯಮ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೂ ಇದರ ಮೇಲೆಯೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಪಟ್ಟಿ ತೆಗೆದು, ದೂರದ ತಜ್ಞರು ಓದಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು ದೊಡ್ಡಾಸ್ಪತ್ರೆಗೆ ಸಾಗಿಸುವುದು.

ಚೌಕಗಳ ಲೆಕ್ಕ

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕ 0.04 ಸೆಕೆಂಡು, ಅಂಥ ಐದು ಸೇರಿದ ದೊಡ್ಡ ಚೌಕ 0.2 ಸೆಕೆಂಡು. ಎತ್ತರದಲ್ಲಿ 10 ಮಿಲಿಮೀಟರ್ ಎಂದರೆ 1 ಮಿಲಿವೋಲ್ಟ್. ಎರಡೂ ಅಂಕಿ ಕಾಗದದ ಅಂಚಿನಲ್ಲಿ ಮುದ್ರಿತವಾಗಿರುತ್ತವೆ. ಮೊದಲು ಅಲ್ಲಿ ಕಣ್ಣಾಡಿಸಬೇಕು. ಯಾರೋ ವೇಗವನ್ನು 50ಕ್ಕೆ ಇಟ್ಟು ಮರೆತಿದ್ದರೆ ಕಾಲದ ಎಲ್ಲ ಅಳತೆಯೂ ಇಮ್ಮಡಿಯಾಗಿ ಕಾಣುತ್ತದೆ, ಆರೋಗ್ಯವಂತನೂ ರೋಗಿಯಾಗುತ್ತಾನೆ.

ಪ್ರತಿ ಬಡಿತದಲ್ಲಿ ಮೊದಲು ಬರುವ ಸಣ್ಣ ಉಬ್ಬು ಪಿ ಅಲೆ. ಮೇಲಿನ ಕೋಣೆಗಳಿಗೆ ಕರೆಂಟು ಹರಿದ ಗುರುತು. ಅದರ ಹಿಂದೆ ಚೂಪಾಗಿ ಎದ್ದು ಇಳಿಯುವುದು ಕ್ಯೂಆರ್‌ಎಸ್, ಕೆಳಗಿನ ಕೋಣೆಗಳದ್ದು. ಕೊನೆಯ ಅಗಲವಾದ ಉಬ್ಬು ಟಿ ಅಲೆ. ಕೆಳಗಿನ ಕೋಣೆಗಳು ಮತ್ತೆ ಸಜ್ಜಾಗುವ ಹೊತ್ತು. ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗೆ ಮೂರರಿಂದ ಐದು ಸಣ್ಣ ಚೌಕ ಇರಬೇಕು. ಕ್ಯೂಆರ್‌ಎಸ್‌ನ ಅಗಲ ಮೂರು ಸಣ್ಣ ಚೌಕಕ್ಕಿಂತ ಕಡಿಮೆ ಇರಬೇಕು.

ವೇಗ ತಿಳಿಯಲು, ಬಡಿತ ಒಂದೇ ಅಂತರದಲ್ಲಿದ್ದರೆ 300ನ್ನು ಎರಡು ಬಡಿತದ ನಡುವಿನ ದೊಡ್ಡ ಚೌಕಗಳಿಂದ ಭಾಗಿಸಿದರಾಯಿತು: ನಾಲ್ಕು ಚೌಕವಾದರೆ ನಿಮಿಷಕ್ಕೆ 75. ಬಡಿತ ಏರುಪೇರಾಗಿದ್ದರೆ ಈ ಲೆಕ್ಕ ಮೋಸ ಮಾಡುತ್ತದೆ. ಆಗ ಕೆಳಗಿನ ಉದ್ದ ಸಾಲಿನ ಹತ್ತು ಸೆಕೆಂಡಿನಲ್ಲಿರುವ ಬಡಿತಗಳನ್ನು ಎಣಿಸಿ ಆರರಿಂದ ಗುಣಿಸಬೇಕು.

ಆಮೇಲಿನ ಪ್ರಶ್ನೆಗಳು ಹೆಚ್ಚಿಲ್ಲ, ಆದರೆ ಕ್ರಮ ತಪ್ಪಬಾರದು. ಅಂತರ ಸಮವೇ? ಕ್ಯೂಆರ್‌ಎಸ್ ಕಿರಿದೋ ಅಗಲವೋ? ಪಿ ಇದೆಯೇ? ಇದ್ದರೆ ಪ್ರತಿ ಪಿ ಹಿಂದೆಯೂ ಕ್ಯೂಆರ್‌ಎಸ್ ಬರುತ್ತಿದೆಯೇ, ಪ್ರತಿ ಕ್ಯೂಆರ್‌ಎಸ್ ಮುಂದೆಯೂ ಪಿ ಇದೆಯೇ? ಯಂತ್ರ ಹೃದಯವನ್ನು ಹನ್ನೆರಡು ಕೋನದಿಂದ ನೋಡುತ್ತದೆ, ಒಂದೊಂದು ಕೋನವೂ ಒಂದು ಲೀಡು. ಎರಡನೇ ಲೀಡಿನಲ್ಲಿ ಪಿ ಮೇಲ್ಮುಖವಾಗಿದ್ದು ಎವಿಆರ್ ಎಂಬ ಲೀಡಿನಲ್ಲಿ ಕೆಳಮುಖವಾಗಿದ್ದರೆ ಕರೆಂಟು ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ ಎಂದರ್ಥ. ಸೈನಸ್ ರಿದಮ್ ಎಂದು ಯಂತ್ರ ಬರೆಯುವುದು ಇದಕ್ಕೇ. ಸೈನಸ್ ಎಂಬುದನ್ನು ಕಂಡು ಮೂಗಿನ ಡಾಕ್ಟರ ಹತ್ತಿರ ಓಡಬೇಕಿಲ್ಲ.

ಸರಿಯಾಗಿ 150 ಬಂದರೆ ಅನುಮಾನಿಸಿ

ವೇಗದ ಬಡಿತಗಳಲ್ಲಿ ಓದುವವರು ಹೆಚ್ಚು ಎಡವುವುದು ಇಲ್ಲಿ. ಮೇಲಿನ ಕೋಣೆಯಲ್ಲಿ ಕರೆಂಟು ಒಂದೇ ಸುತ್ತಿನಲ್ಲಿ ತಿರುಗುತ್ತ ನಿಮಿಷಕ್ಕೆ 300ರಷ್ಟು ಸಲ ಹೊಡೆಯುವುದು ಏಟ್ರಿಯಲ್ ಫ್ಲಟರ್. ಮೇಲಿನ, ಕೆಳಗಿನ ಕೋಣೆಗಳ ನಡುವಿನ ಬಾಗಿಲಾದ ಎವಿ ನೋಡ್ ಎರಡಕ್ಕೊಂದನ್ನು ಮಾತ್ರ ಕೆಳಗೆ ಬಿಡುವುದರಿಂದ ನಾಡಿ ಸುಮಾರು 150ಕ್ಕೆ ನಿಲ್ಲುತ್ತದೆ. ಎರಡು, ಮೂರು, ಎವಿಎಫ್ ಲೀಡುಗಳಲ್ಲಿ ಗರಗಸದ ಹಲ್ಲಿನಂಥ ಗೆರೆ ಕಾಣಬೇಕು. ಆದರೆ ಒಂದು ಹಲ್ಲು ಟಿ ಅಲೆಯೊಳಗೆ ಹುದುಗಿದ್ದರೆ ಯಂತ್ರವೂ, ಅವಸರದ ಕಣ್ಣೂ ಅದನ್ನು ಬರೀ ಸೈನಸ್ ವೇಗ ಅಂದುಬಿಡುತ್ತವೆ. ಎರಡನ್ನೂ ಬೇರೆ ಮಾಡುವ ಗುರುತು ಸರಳ. ಜ್ವರ, ಭಯ, ರಕ್ತಸ್ರಾವದಿಂದ ಬಂದ ವೇಗ ಅರ್ಧ ಗಂಟೆಯಲ್ಲಿ 150, 142, 147 ಎಂದು ಆಡುತ್ತಿರುತ್ತದೆ. ಫ್ಲಟರ್ 150ರ ಹತ್ತಿರವೇ ಮೊಳೆ ಹೊಡೆದಂತೆ ಕೂತಿರುತ್ತದೆ.

ಕ್ಯೂಆರ್‌ಎಸ್ ಕಿರಿದಾಗಿ, ಅಂತರ ಸಮವಾಗಿ, ಪಿ ಎಲ್ಲೂ ಕಾಣದೆ 150ರಿಂದ 220ರವರೆಗೆ ಓಡುವುದು ಎಸ್‌ವಿಟಿ, ಅಂದರೆ ಕೆಳಗಿನ ಕೋಣೆಗಳಿಗಿಂತ ಮೇಲೆ ಹುಟ್ಟಿದ ವೇಗ. ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವುದು ಅದರ ಗುಣ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿವರ್ಟ್ ಪರೀಕ್ಷೆ ಇದಕ್ಕೊಂದು ಅಗ್ಗದ ಉಪಾಯವನ್ನು ಪಕ್ಕಾ ಮಾಡಿತು: ರೋಗಿಯನ್ನು ಅರೆಕೂತ ಭಂಗಿಯಲ್ಲಿಟ್ಟು 10 ಮಿಲಿ ಸಿರಿಂಜಿನ ತುದಿಯಲ್ಲಿ 15 ಸೆಕೆಂಡು ಜೋರಾಗಿ ಊದಿಸಿ, ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು 45 ಡಿಗ್ರಿ ಮೇಲೆತ್ತಿ 15 ಸೆಕೆಂಡು ಹಿಡಿಯುವುದು. ಬರೀ ಊದಿಸಿದಾಗ 17 ಪ್ರತಿಶತ ಜನರಲ್ಲಿ ಲಯ ಮರಳಿದರೆ, ಹೀಗೆ ಮಾಡಿದಾಗ 43 ಪ್ರತಿಶತ ಜನರಲ್ಲಿ ಮರಳಿತು. ಆಗದಿದ್ದರೆ ಅಡಿನೋಸಿನ್ 6 ಮಿಲಿಗ್ರಾಂ, ಮೊಣಕೈ ಬಳಿಯ ದೊಡ್ಡ ನರಕ್ಕೆ, ಒಂದೇ ಏಟಿಗೆ, ಹಿಂದೆಯೇ 20 ಮಿಲಿ ಸಲೈನ್. ನಿಧಾನವಾಗಿ ಕೊಟ್ಟರೆ ಹೃದಯ ತಲುಪುವಷ್ಟರಲ್ಲಿ ಅದು ಕರಗಿಹೋಗಿರುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಕೈ ನಿಧಾನವಾದದ್ದೇ ಕಾರಣ.

ಅಪಾಯದ್ದು ಅಗಲವಾದ ಕ್ಯೂಆರ್‌ಎಸ್. ಅಗಲ, ಸಮ ಅಂತರ, ವೇಗ: ಈ ಮೂರೂ ಕೂಡಿದರೆ ಅದು ಕೆಳಗಿನ ಕೋಣೆಯಲ್ಲೇ ಹುಟ್ಟಿದ ವಿಟಿ ಎಂದೇ ಹಿಡಿಯಬೇಕು, ಅಲ್ಲ ಎಂದು ಸಾಬೀತಾಗುವವರೆಗೆ. ಹಿಂದೊಮ್ಮೆ ಹೃದಯಾಘಾತ ಆದವರಲ್ಲಂತೂ ಅನುಮಾನವೇ ಬೇಡ. ರೋಗಿ ಎದ್ದು ಕೂತು ಮಾತಾಡುತ್ತಿದ್ದಾನೆ, ಬಿಪಿ 120 ಇದೆ, ಹಾಗಾಗಿ ವಿಟಿ ಅಲ್ಲ ಎನ್ನುವುದು ಹಳೆಯ, ಬಲವಾದ ತಪ್ಪು. ಎಸ್‌ವಿಟಿ ಎಂದುಕೊಂಡು ಅದರ ಔಷಧವಾದ ವೆರಾಪಮಿಲ್ ಕೊಟ್ಟರೆ ಆ 120ರ ಬಿಪಿ ಮಂಚದ ಮೇಲೆಯೇ ಕುಸಿಯಬಹುದು. ಕಾಗದದಲ್ಲಿ ಸಾಕ್ಷಿ ಹುಡುಕುವುದಾದರೆ ಪಿ ಅಲೆಗಳು ಕ್ಯೂಆರ್‌ಎಸ್‌ಗೆ ಸಂಬಂಧವಿಲ್ಲದಂತೆ ತಮ್ಮ ಪಾಡಿಗೆ ನಡೆಯುತ್ತಿವೆಯೇ, ಅಗಲ ಬಡಿತಗಳ ನಡುವೆ ಒಂದೇ ಒಂದು ಕಿರಿದಾದ ಸಹಜ ಬಡಿತ ನುಸುಳಿದೆಯೇ ನೋಡಬೇಕು. ಎರಡರಲ್ಲಿ ಒಂದು ಸಿಕ್ಕರೂ ತೀರ್ಮಾನ ಆದಂತೆ.

ಇದರಾಚೆ ವಿಎಫ್: ಕೆಳಗಿನ ಕೋಣೆಗಳು ಬಡಿಯದೆ ಬರೀ ನಡುಗುವುದು. ಅಲ್ಲಿ ಅಲೆಯೂ ಇಲ್ಲ, ಲೆಕ್ಕವೂ ಇಲ್ಲ, ಗೀಚಿದ ಗೆರೆ ಅಷ್ಟೆ. ಓದುವ ಕೆಲಸ ಮುಗಿಯಿತು. ನಿಮಿಷಕ್ಕೆ 100ರಿಂದ 120ರಂತೆ ಎದೆಯನ್ನು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತ ಶಾಕ್ ಕೊಡುವ ಯಂತ್ರ ತರಿಸಬೇಕು. ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ 7ರಿಂದ 10 ಪ್ರತಿಶತ ಇಳಿಯುತ್ತದೆ.

ಯಾವ ತಾಳಕ್ಕೂ ಸೇರದ್ದು

ಎಎಫ್, ಅಂದರೆ ಏಟ್ರಿಯಲ್ ಫಿಬ್ರಿಲೇಶನ್, ಗುರುತಿಸಲು ಸುಲಭ. ಆದರೂ ಜಗಳವೆಲ್ಲ ಇದರ ಸುತ್ತಲೇ. ಪಿ ಅಲೆ ಇರುವುದಿಲ್ಲ, ತಳದ ಗೆರೆ ನಡುಗುತ್ತಿರುತ್ತದೆ, ಬಡಿತಗಳ ಅಂತರಕ್ಕೆ ಯಾವ ಪಾಠವೂ ಇರುವುದಿಲ್ಲ. ಒಂದು ಕಾಗದದ ತುಂಡಿನ ಅಂಚಿನಲ್ಲಿ ಪಕ್ಕಪಕ್ಕದ ಮೂರು ಬಡಿತಗಳಿಗೆ ಪೆನ್ನಿನ ಗುರುತು ಹಾಕಿ, ಆ ತುಂಡನ್ನು ಮುಂದೆ ಜಾರಿಸುತ್ತ ಹೋದರೆ ಸಾಕು. ನಡುವೆ ಬೇರೆ ಜಾಗದಿಂದ ಹುಟ್ಟಿ ಬಂದ ಬಿಡಿ ಎಕ್ಟೋಪಿಕ್ ಬಡಿತಗಳಿಂದ ಏರುಪೇರಾಗಿದ್ದರೆ ಗುರುತುಗಳು ಮತ್ತೆಲ್ಲೋ ಕೂಡಿಕೊಳ್ಳುತ್ತವೆ. ಎಎಫ್‌ನಲ್ಲಿ ಎಲ್ಲೂ ಕೂಡುವುದಿಲ್ಲ.

ಇದು ಮುಖ್ಯವಾಗುವುದು ಪಾರ್ಶ್ವವಾಯುವಿನಿಂದ. ಮೇಲಿನ ಕೋಣೆ ಹಿಂಡದೆ ನಡುಗುತ್ತಿದ್ದರೆ ಅದರ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ, ಹೆಪ್ಪು ಮೆದುಳಿಗೆ ಹೋಗುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಇನ್ನೂ ಬಹಳ ಜನ ಇದ್ದಾರೆ. ಅಂಥ ರುಮ್ಯಾಟಿಕ್ ಕಾಯಿಲೆಯ ಎಎಫ್‌ಗೆ ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಬಗೆಯ ಔಷಧವೇ ಮೇಲು ಎಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಹಾಗಾಗಿ ಎಎಫ್ ಕಂಡ ಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸದೆ ರಕ್ತ ತೆಳು ಮಾಡುವ ಮಾತ್ರೆ ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ.

ನಿಧಾನದ ಕತೆ ಸಣ್ಣದು. ಪಿಯಿಂದ ಕ್ಯೂಆರ್‌ಎಸ್‌ವರೆಗಿನ ಅಂತರ ಬರೀ ಉದ್ದವಾಗಿದ್ದರೆ ಸಾಮಾನ್ಯವಾಗಿ ಕಾಯಬಹುದು. ಅಂತರ ಬಡಿತದಿಂದ ಬಡಿತಕ್ಕೆ ಹಿಗ್ಗುತ್ತ ಹೋಗಿ ಒಂದು ಬಡಿತ ಬಿಟ್ಟುಹೋಗುವುದು ನಿದ್ದೆಯಲ್ಲಿ, ಓಟಗಾರರಲ್ಲಿ ತೊಂದರೆಯಲ್ಲ. ಅಂತರ ಒಂದೇ ಸಮ ಇದ್ದೂ ಸೂಚನೆಯಿಲ್ಲದೆ ಬಡಿತ ಬಿಟ್ಟುಹೋದರೆ, ಅಥವಾ ಪಿ ಒಂದು ಕಡೆ, ಕ್ಯೂಆರ್‌ಎಸ್ ನಿಮಿಷಕ್ಕೆ ಮೂವತ್ತು ನಲವತ್ತರಂತೆ ಇನ್ನೊಂದು ಕಡೆ ನಡೆದರೆ, ಪೇಸ್‌ಮೇಕರ್ ಇರುವ ಆಸ್ಪತ್ರೆಗೆ ಹೊರಡಬೇಕು. ಮೂತ್ರಪಿಂಡದ ಕಾಯಿಲೆಯವರಾದರೆ ಅದಕ್ಕೂ ಮೊದಲು ಪೊಟ್ಯಾಸಿಯಂ ನೋಡಬೇಕು: ಟಿ ಅಲೆ ಗುಡಾರದಂತೆ ಚೂಪಾಗಿ, ಕ್ಯೂಆರ್‌ಎಸ್ ಅಗಲವಾಗಿದ್ದರೆ ರಕ್ತಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಕ್ಯಾಲ್ಸಿಯಂ ಕೊಡುತ್ತಾರೆ.

ಲಯ ಸರಿಯಿದ್ದೂ ಸುಳಿವು ಕೊಡುವ ಕಾಗದ

ಹಾಸನದ ಸುದ್ದಿ ಓದಿ ಯುವಕರು ನಿಜಕ್ಕೂ ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಮೂರು ದೋಷಗಳು ಮಲಗಿದ ಹೊತ್ತಿನ ಇಸಿಜಿಯಲ್ಲೂ ಕಾಣಬಹುದು. ಪಿಯಿಂದ ಕ್ಯೂಆರ್‌ಎಸ್‌ವರೆಗಿನ ಅಂತರ ಮೂರು ಸಣ್ಣ ಚೌಕಕ್ಕಿಂತ ಕಡಿಮೆಯಾಗಿ, ಕ್ಯೂಆರ್‌ಎಸ್ ನೆಟ್ಟಗೆ ಏಳದೆ ಇಳಿಜಾರಾಗಿ ಶುರುವಾದರೆ ಡಬ್ಲ್ಯೂಪಿಡಬ್ಲ್ಯೂ: ಹುಟ್ಟಿನಿಂದ ಬಂದ ಅಡ್ಡದಾರಿ, ಕ್ಯಾತಿಟರ್‌ನಿಂದ ಸುಟ್ಟು ಮುಚ್ಚಬಹುದು. ಎದೆಯ ಮೊದಲ ಎರಡು ಲೀಡುಗಳಾದ ವಿ1, ವಿ2ರಲ್ಲಿ ಕ್ಯೂಆರ್‌ಎಸ್ ಆದ ಮೇಲೆ ಗೆರೆ ಎತ್ತರದಲ್ಲೇ ನಿಂತು ಡುಬ್ಬದಂತೆ ಬಾಗಿ ಇಳಿದು ಟಿ ತಲೆಕೆಳಗಾದರೆ 1992ರಲ್ಲಿ ವಿವರಿಸಲಾದ ಬ್ರುಗಾಡಾ. ಅದು ನಿದ್ದೆಯಲ್ಲಿ ಕೊಲ್ಲುವಂಥದ್ದು. ಜ್ವರ ಬಂದಾಗ ಮಾತ್ರ ಕಾಗದದಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಮೂರನೆಯದು ಉದ್ದ ಕ್ಯೂಟಿ. ಕ್ಯೂಆರ್‌ಎಸ್ ಶುರುವಾದಲ್ಲಿಂದ ಟಿ ಮುಗಿಯುವವರೆಗಿನ ಹೊತ್ತೇ ಕ್ಯೂಟಿ. ಬಡಿತ 60ರಿಂದ 100ರೊಳಗೆ ಇದ್ದಾಗ, ಎರಡು ಬಡಿತಗಳ ನಡುವಿನ ಅರ್ಧ ದಾರಿ ದಾಟಿದ ಮೇಲೆ ಟಿ ಮುಗಿದರೆ ಅಳತೆ ತೆಗೆಯಬೇಕು. ವೇಗಕ್ಕೆ ಹೊಂದಿಸಿದ ಲೆಕ್ಕದಲ್ಲಿ 500 ಮಿಲಿಸೆಕೆಂಡು ದಾಟಿದರೆ ಅಪಾಯ. ಇದು ವಂಶದಿಂದ ಮಾತ್ರವಲ್ಲ, ಮೆಡಿಕಲ್ ಶಾಪಿನಿಂದಲೂ ಬರುತ್ತದೆ. ಅಜಿಥ್ರೋಮೈಸಿನ್, ಲೆವೊಫ್ಲಾಕ್ಸಸಿನ್, ಫ್ಲುಕೊನಜೋಲ್, ಒಂಡನ್ಸೆಟ್ರಾನ್ ಎಲ್ಲವೂ ಕ್ಯೂಟಿ ಹಿಗ್ಗಿಸಬಲ್ಲವು. ಗ್ಯಾಸ್ಟ್ರಿಕ್ ಎಂದು ಕೇಳಿದವರಿಗೆಲ್ಲ ಕೊಡುವ ಪ್ಯಾಂಟೊಪ್ರಜೋಲ್ ಜೋಡಿಯಲ್ಲಿರುವ ಡೊಂಪೆರಿಡೋನ್ ಮೇಲೆ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಹೃದಯದ ಕಾರಣಕ್ಕೆ ಕಡಿವಾಣ ಹಾಕಿದರು. ನಮ್ಮಲ್ಲಿ ಅದು ಚೀಟಿಯಿಲ್ಲದೆ ಕೈಗೆ ಬರುತ್ತದೆ. ವಾಂತಿ ಭೇದಿಯಾಗಿ ಪೊಟ್ಯಾಸಿಯಂ ಇಳಿದವರಿಗೆ ಇಂಥ ಎರಡು ಮೂರು ಮಾತ್ರೆ ಒಟ್ಟಿಗೆ ಬಿದ್ದರೆ ತೊಂದರೆ ಕೂಡುತ್ತ ಹೋಗುತ್ತದೆ.

ಕಾಗದವೇ ಸುಳ್ಳು ಹೇಳಿದಾಗ

ಬಲಗೈ, ಎಡಗೈ ಕ್ಲಿಪ್ಪು ಅದಲುಬದಲಾದರೆ ಒಂದನೇ ಲೀಡು ಪೂರ್ತಿ ತಲೆಕೆಳಗಾಗಿ ಎವಿಆರ್ ನೆಟ್ಟಗಾಗುತ್ತದೆ. ಇದನ್ನು ಹೊಸ ಕಾಯಿಲೆ ಎಂದು ಬರೆದ ವರದಿಗಳಿಗೆ ಕೊರತೆಯಿಲ್ಲ. ವಿ1, ವಿ2 ಎದೆಮೂಳೆಯ ಎರಡೂ ಬದಿ ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಕೂರಬೇಕು. ಕುತ್ತಿಗೆಯ ಗುಳಿಯಿಂದ ಬೆರಳು ಕೆಳಗೆ ಜಾರಿಸಿದರೆ ಸಿಗುವ ದಿಣ್ಣೆಯ ನೇರಕ್ಕೆ ಎರಡನೇ ಪಕ್ಕೆಲುಬು, ಅಲ್ಲಿಂದ ಎಣಿಸಬೇಕು. ಎಣಿಸದೆ ಅಂದಾಜಿಗೆ ಅಂಟಿಸಿದರೆ ಅವು ಒಂದೆರಡು ಸಂದಿ ಮೇಲೆ ಹೋಗಿ, ಬ್ರುಗಾಡಾ ಎಂಬ ಸುಳ್ಳು ಅನುಮಾನ ಹುಟ್ಟುತ್ತದೆ. ರಬ್ಬರ್ ಬಲ್ಬಿನ ಹಳೆಯ ಎಲೆಕ್ಟ್ರೋಡುಗಳಲ್ಲಿ ಜೆಲ್ಲಿಯನ್ನು ಎದೆಗೆ ಒಂದೇ ಪಟ್ಟೆಯಾಗಿ ಬಳಿದರೆ ಆರೂ ಎದೆ ಲೀಡುಗಳು ಒಂದೇ ಥರ ಕಾಣುತ್ತವೆ. ಪಾರ್ಕಿನ್ಸನ್ ರೋಗಿಯ ಕೈ ಸೆಕೆಂಡಿಗೆ ನಾಲ್ಕಾರು ಸಲ ನಡುಗುವುದು ಫ್ಲಟರ್‌ನ ಗರಗಸವನ್ನೇ ಬಿಡಿಸುತ್ತದೆ. ಹಲ್ಲುಜ್ಜುತ್ತಿದ್ದ ರೋಗಿಯ ಮಾನಿಟರಿನಲ್ಲಿ ವಿಟಿ ಕಂಡು ಸಿಬ್ಬಂದಿ ಓಡಿಬರುವುದು ವಾರ್ಡುಗಳಲ್ಲಿ ಹಳೆಯ ತಮಾಷೆ. ಅಂಥ ಗೆರೆಯ ಮಧ್ಯೆ ಚೂಪಾದ ಸಹಜ ಕ್ಯೂಆರ್‌ಎಸ್‌ಗಳು ತಮ್ಮ ಸಮಯಕ್ಕೆ ಸರಿಯಾಗಿ ಹಾದುಹೋಗುತ್ತಿದ್ದರೆ ಅದು ಕಾಯಿಲೆಯಲ್ಲ, ಅಲುಗಾಟ.

ಗಡಿಯಾರದ ಮಾತು, ಯಂತ್ರದ ಮಾತು

ಕೈಗಡಿಯಾರದಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ. ಹಸಿರು ಬೆಳಕು ನಾಡಿಯ ಅಂತರ ಎಣಿಸಿ, ಏರುಪೇರಾದರೆ ಎಚ್ಚರಿಸುತ್ತದೆ. ಅದು ಇಸಿಜಿ ಅಲ್ಲ. ಇನ್ನೊಂದು ಕೈಯ ಬೆರಳಿಟ್ಟು 30 ಸೆಕೆಂಡು ತೆಗೆಯುವುದು ನಿಜವಾದ ಇಸಿಜಿ, ಆದರೆ ಹನ್ನೆರಡರಲ್ಲಿ ಒಂದೇ ಲೀಡು. ಆಪಲ್ ವಾಚಿನಲ್ಲಿ 2018ರಿಂದ ಇರುವುದು ಇದೇ. ಎಎಫ್ ಹಿಡಿಯುತ್ತದೆ, ಹೃದಯಾಘಾತ ಹಿಡಿಯುವುದಿಲ್ಲ. ಎದೆ ನೋಯುವಾಗ ಗಡಿಯಾರ ಸೈನಸ್ ಎಂದು ತೋರಿಸಿತೆಂದು ಮನೆಯಲ್ಲೇ ಉಳಿಯುವುದು ಪ್ರಾಣಕ್ಕೆ ಎರವಾಗಬಹುದು.

4,19,297 ಜನ ಸೇರಿದ್ದ ಆಪಲ್ ಹಾರ್ಟ್ ಅಧ್ಯಯನದಲ್ಲಿ ಎಚ್ಚರಿಕೆ ಬಂದದ್ದು 0.52 ಪ್ರತಿಶತ ಜನರಿಗೆ. ಆಮೇಲೆ ಇಸಿಜಿ ದಾಖಲಿಸುವ ಪ್ಯಾಚನ್ನು ವಾರದವರೆಗೆ ಎದೆಗೆ ಅಂಟಿಸಿಕೊಂಡು ಪರೀಕ್ಷೆ ಮುಗಿಸಿದ 450 ಜನರಲ್ಲಿ ಎಎಫ್ ಸಿಕ್ಕಿದ್ದು 34 ಪ್ರತಿಶತ ಜನರಲ್ಲಿ. ಉಳಿದವರದ್ದೆಲ್ಲ ಸುಳ್ಳು ಎಚ್ಚರಿಕೆ ಎನ್ನುವಂತಿಲ್ಲ, ಏಕೆಂದರೆ ಬಂದು ಹೋಗುವ ಎಎಫ್ ಆ ವಾರ ಬಾರದೇ ಇದ್ದಿರಬಹುದು. ಡಾಕ್ಟರ ಇಸಿಜಿಗೂ ಗಡಿಯಾರಕ್ಕೂ ಹೊಂದದಿರುವುದು ಇದೇ ಕಾರಣಕ್ಕೆ. ಗಡಿಯಾರದ ಪಟ್ಟಿಯನ್ನೇ ಪಿಡಿಎಫ್ ಮಾಡಿ ಡಾಕ್ಟರಿಗೆ ತೋರಿಸಬೇಕು, ಬರೀ ಸಂದೇಶವನ್ನಲ್ಲ.

ಇಸಿಜಿ ಯಂತ್ರ ಕಾಗದದ ತಲೆಯಲ್ಲಿ ಮುದ್ರಿಸುವ ಸಾಲಿನ ಕತೆಯೂ ಹೀಗೆಯೇ. ವೇಗ, ಅಂತರಗಳನ್ನು ಅದು ಚೆನ್ನಾಗಿ ಅಳೆಯುತ್ತದೆ. ಸಹಜ ಎಂದರೆ ಹೆಚ್ಚಾಗಿ ಸಹಜವೇ. ಲಯ ಕೆಟ್ಟಾಗಲೇ ಅದರ ಮಾತು ಕೆಡುವುದು. ಚೂಪಾದ ಟಿಯನ್ನೂ ಬಡಿತ ಎಂದೆಣಿಸಿ ವೇಗ ಇಮ್ಮಡಿ ಮಾಡುತ್ತದೆ, ಎಕ್ಟೋಪಿಕ್‌ಗಳನ್ನು ಎಎಫ್ ಅನ್ನುತ್ತದೆ. ಕೃತಕ ಬುದ್ಧಿಮತ್ತೆ ಇದನ್ನು ಸುಧಾರಿಸುತ್ತಿದೆ ನಿಜ. ಆದರೆ ಅಲುಗಿದ ಪಟ್ಟಿಯನ್ನು, ತಪ್ಪು ಜಾಗದ ಎಲೆಕ್ಟ್ರೋಡನ್ನು ಅದೂ ನಂಬುತ್ತದೆ.

ಎಲ್ಲರಿಗೂ ಮಾಡಿಸಬೇಕೆ?

ಹೌದು ಎನ್ನುವವರು ಇಟಲಿ ತೋರಿಸುತ್ತಾರೆ. ಅಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಇಸಿಜಿ ಕಡ್ಡಾಯ. ವೆನೆಟೊ ಪ್ರಾಂತ್ಯದಲ್ಲಿ ಯುವ ಆಟಗಾರರ ಹಠಾತ್ ಸಾವು ವರ್ಷಕ್ಕೆ 1 ಲಕ್ಷಕ್ಕೆ 3.6 ಇದ್ದದ್ದು 0.4ಕ್ಕೆ ಇಳಿಯಿತು. ಬೇಡ ಎನ್ನುವವರು ಇಸ್ರೇಲ್ ತೋರಿಸುತ್ತಾರೆ: 1997ರಲ್ಲಿ ಅಂಥದೇ ಕಾನೂನು ಬಂದರೂ ಸಾವಿನ ಪ್ರಮಾಣ ಬದಲಾಗಲಿಲ್ಲ. ಹಿರಿಯರಲ್ಲಿ ಎಎಫ್ ಹುಡುಕಿದ ಡೆನ್ಮಾರ್ಕಿನ ಲೂಪ್ ಅಧ್ಯಯನ ಇನ್ನೂ ಬಿಸಿಯಾದ ಪಾಠ. ಚರ್ಮದಡಿ ಯಂತ್ರ ಹುದುಗಿಸಿದವರಲ್ಲಿ ಸುಮಾರು 32 ಪ್ರತಿಶತ ಜನರಿಗೆ ಎಎಫ್ ಸಿಕ್ಕಿತು, ಉಳಿದವರಲ್ಲಿ 12. ಪಾರ್ಶ್ವವಾಯು ಮಾತ್ರ ಲೆಕ್ಕಕ್ಕೆ ಸಿಗುವಷ್ಟು ಇಳಿಯಲಿಲ್ಲ. ಕೆಲವೇ ನಿಮಿಷ ಬಂದು ಹೋಗುವ ಎಎಫ್‌ಗೆ ರಕ್ತ ತೆಳು ಮಾಡಿದರೆ ಸಿಗುವ ಲಾಭ ಸಣ್ಣದು, ರಕ್ತಸ್ರಾವದ ಅಪಾಯ ಖಚಿತ.

ಈ ವಾದದಲ್ಲಿ ಲಕ್ಷಣವಿಲ್ಲದ ಜನಸಾಮಾನ್ಯರ ಮಟ್ಟಿಗೆ ಬೇಡ ಎನ್ನುವವರ ಪಕ್ಷವೇ ಗಟ್ಟಿ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ ತಂಬಾಕು ಬಿಡಿಸುವುದಕ್ಕೆ ಆ ಸಾಲಿನ ಹೊತ್ತು ಖರ್ಚಾದರೆ ಹೆಚ್ಚು ಜೀವ ಉಳಿಯುತ್ತದೆ. ಆದರೆ ಆಟವಾಡುತ್ತಲೋ ಓಡುತ್ತಲೋ ಪ್ರಜ್ಞೆ ತಪ್ಪಿದವರು, ಎದೆ ಡವಡವ ಎಂದ ಹಿಂದೆಯೇ ಕಣ್ಣು ಕತ್ತಲಾದವರು, ಮನೆಯಲ್ಲಿ ನಲವತ್ತರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡವರು, ಈ ಮೂರು ಬಗೆಯವರು ಇಸಿಜಿ ಮಾಡಿಸಲೇಬೇಕು. ಒಂದು ಪಟ್ಟಿ ನಾರ್ಮಲ್ ಬಂದರೂ ಅಲ್ಲಿಗೆ ಬಿಡದೆ, ಮೈಗೆ ಕಟ್ಟಿಕೊಂಡು ಇಸಿಜಿ ದಾಖಲಿಸುತ್ತಲೇ ಇರುವ ಹೋಲ್ಟರ್, ಎಕೋವರೆಗೆ ಹೋಗಬೇಕು. ದಿನವೂ ಬರುವ ತೊಂದರೆಗೆ 24 ಗಂಟೆಯ ಹೋಲ್ಟರ್ ಸಾಕು. ತಿಂಗಳಿಗೊಮ್ಮೆ ಬರುವುದಕ್ಕೆ ಅದನ್ನು ಕಟ್ಟಿಸಿಕೊಂಡರೆ ದುಡ್ಡು ದಂಡ.

ಮರಣೋತ್ತರ ಪರೀಕ್ಷೆಗೂ ಸಿಗದ್ದು

ಹಾಸನದ ಬಳಿಕ ಸರ್ಕಾರ ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಅಧಿಸೂಚಿತ ಪಟ್ಟಿಗೆ ಸೇರಿಸಿ ಮರಣೋತ್ತರ ಪರೀಕ್ಷೆ ಮಾಡಿಸುವುದಾಗಿ ಹೇಳಿತು. ಕೊಳವೆ ಕಟ್ಟಿದ್ದು, ಮಾಂಸ ದಪ್ಪಗಾದದ್ದು ಅದರಲ್ಲಿ ಸಿಗುತ್ತದೆ. ಬ್ರುಗಾಡಾ, ಉದ್ದ ಕ್ಯೂಟಿ ಸಿಗುವುದಿಲ್ಲ. ಕರೆಂಟು ನಿಂತ ಮೇಲೆ ತಂತಿ ನೋಡಿದರೆ ಏನು ಗೊತ್ತಾದೀತು, ಹೃದಯ ಕಣ್ಣಿಗೆ ಸಹಜವಾಗಿಯೇ ಕಾಣುತ್ತದೆ. ಅಂಥ ವರದಿ ಬಂದ ಮನೆಯಲ್ಲಿ ತನಿಖೆ ಅಲ್ಲಿಗೆ ಮುಗಿಯಬಾರದು: ತಂದೆ ತಾಯಿ, ಅಣ್ಣ ತಂಗಿ, ಮಕ್ಕಳ ಇಸಿಜಿ ತೆಗೆಸಬೇಕು. ತೀರಿಕೊಂಡವರ ಹಳೆಯ ಪಟ್ಟಿಯೊಂದು ಬೀರುವಿನಲ್ಲಿ ಸಿಕ್ಕರೆ ಅದರಷ್ಟು ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಕಷ್ಟವೇನೆಂದರೆ ಇಸಿಜಿ ಕಾಗದ ಶಾಖಕ್ಕೆ ಮೂಡುವಂಥದ್ದು. ನಾವು ಜೋಪಾನ ಎಂದು ಇಡುವ ಪ್ಲಾಸ್ಟಿಕ್ ಕವರಿನೊಳಗೆ ಅದು ಇನ್ನೂ ಬೇಗ ಮಾಸುತ್ತದೆ. ತೆಗೆಸಿದ ದಿನವೇ ಹೆಸರು, ತಾರೀಕು, ಗಂಟೆ, ಆಗ ನೋವಿತ್ತೋ ಇಲ್ಲವೋ ಎಂಬುದನ್ನು ಅಂಚಿನಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಫೋನಿನಲ್ಲೊಂದು ಫೋಟೋ ಇಟ್ಟುಕೊಳ್ಳಬೇಕು.